ಹತ್ತು ನಿಮಿಷದ ಬುಕಿಂಗ್

ಜನವರಿ 8, ಬುಧವಾರ. ಹಳಿಯಾಳ

ಇದು ನನ್ನ ಮೈಕ್ ಪ್ರಚಾರದ ಬುಕಿಂಗ್ ಪುಸ್ತಕ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಪ್ರತಿ ವರ್ಷ ಈ ಹೊತ್ತಿಗೆ ಫೆಬ್ರುವರಿ ಕೊನೆಯವರೆಗೆ ತುಂಬಿರುತ್ತದೆ: ಸೀರೆ ಅಂಗಡಿಯ ಉದ್ಘಾಟನೆ, ಕಬಡ್ಡಿ, ಕುಸ್ತಿ, ಕರೆಂಟು ಹೋಗುವ ಸುದ್ದಿ, ನಳದ ನೀರು ಬರುವ ಸುದ್ದಿ, ನಡುವೆ ತುರುಕುವ ತಪ್ಪಿಸಿಕೊಂಡ ಎಮ್ಮೆ, ಯಾರದೋ ಮಣ್ಣು ಮಾಡುವ ಹೊತ್ತು. ಈ ವರ್ಷವೂ ತುಂಬಿತ್ತು. ಇವತ್ತು ಕೆಂಪು ಪೆನ್ನು ಹಿಡಿದು ಎಲ್ಲದರ ಮೇಲೂ ಗೀಟು ಎಳೆದೆ. ಉಳಿದ ಜಾಗ ವ್ಯರ್ಥವಾಗಬಾರದೆಂದು ಬರೆಯುತ್ತಿದ್ದೇನೆ. ಮಾತು ಹಾಳು ಮಾಡಿದ್ದೇನೆ, ಕಾಗದ ಹಾಳು ಮಾಡಿದವನಲ್ಲ.

ಆದದ್ದಿಷ್ಟು. ಭಾನುವಾರ ದಾಂಡೇಲಿಯಲ್ಲಿ ಚಪ್ಪಲಿ ಅಂಗಡಿಯ ಉದ್ಘಾಟನೆ. ‘ಬನ್ನಿ ಬನ್ನಿ, ಮಹಿಳೆಯರಿಗೆ, ಮಕ್ಕಳಿಗೆ’ ಎನ್ನಬೇಕಿತ್ತು. ‘ಮಹಿಳೆಯರಿಗೆ’ ಬಂತು, ‘ಮಕ್ಕಳಿಗೆ’ ಬರಲಿಲ್ಲ. ಬಾಯಿ ತೆರೆದಿದೆ, ಗಾಳಿ ಹೋಗುತ್ತಿದೆ, ದನಿ ಇಲ್ಲ. ಮೈಕು ಕೆಟ್ಟಿತೆಂದು ಜನ ತಿಳಿದರು. ನನ್ನ ಪ್ರಚಾರದ ಆಟೋ ಓಡಿಸುವ ಈರೇಶ ಹನ್ನೊಂದು ವರ್ಷದ ಜೊತೆಗಾರ. ಅವನೂ ಹಾಗೇ ತಿಳಿದು ವೈರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಮೈಕು ಸರಿಯಾಗಿತ್ತು. ಕೆಟ್ಟದ್ದು ಅದರ ಹಿಂದೆ ನಿಂತಿದ್ದ ಯಂತ್ರ.

ನಿನ್ನೆ ಹುಬ್ಬಳ್ಳಿಯ ಗಂಟಲಿನ ಡಾಕ್ಟರಮ್ಮ ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರು.

“ದಿನಕ್ಕ ಎಷ್ಟು ತಾಸು ಮಾತಾಡ್ತೀರಿ?”

ಒಂಬತ್ತು ಬೆರಳು ತೋರಿಸಿದೆ.

“ವಾರಕ್ಕ ರಜಾ ಎಷ್ಟು?”

ಮುಷ್ಟಿ ತೋರಿಸಿದೆ.

“ಒಳಗ ಎರಡೂ ದನಿ ಪಟ್ಟಿ ಮ್ಯಾಲೆ ಗಂಟು, ಒಂದರಾಗ ರಕ್ತ ಕಟ್ಟೇತಿ. ಇಪ್ಪತ್ತೊಂದು ದಿನ ಒಂದಕ್ಷರ ಮಾತಾಡಬ್ಯಾಡ್ರಿ. ಪಿಸುಮಾತೂ ಬ್ಯಾಡ, ಅದು ಇನ್ನೂ ಕೆಟ್ಟ. ಮತ್ತ ಹಿಂಗ ಎಳದ್ರ ಆಪರೇಷನ್ನ. ಅದರ ಮ್ಯಾಲೆ ಇದ ದನಿ ವಾಪಸ್ ಬರತೈತಿ ಅಂತ ನಾ ಬರದು ಕೊಡಂಗಿಲ್ಲ.”

ಹದಿನಾಲ್ಕನೇ ವಯಸ್ಸಿಗೆ ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ಟೆಂಪೋದವರಿಗೆ ‘ಹಳಿಯಾಳ, ಧಾರವಾಡ, ಧಾರವಾಡ’ ಎಂದು ಜನರನ್ನು ಕೂಗುತ್ತಿದ್ದೆ. ಇವತ್ತು ನಾಲ್ಕು ತಾಲೂಕು, ಐದು ಭಾಷೆ, ಎರಡು ಹಾರ್ನು ಸ್ಪೀಕರು, ಒಂದು ಆಟೋ. ಎಲ್ಲಾ ಈ ಗಂಟಲಿನಿಂದ ಹುಟ್ಟಿದ್ದು. ನಲವತ್ತೊಂಬತ್ತು ವರ್ಷಕ್ಕೆ ಅದು ಹೋದರೆ ನಾನು ಯಾರು? ಮೈಕ್ ಹಾಶಿಮ ಅನ್ನುತ್ತಾರೆ ನನಗೆ. ಮೈಕು ತೆಗೆದರೆ ಬರೀ ಹಾಶಿಮ. ಅವನ ಪರಿಚಯ ನನಗೂ ಅಷ್ಟಕ್ಕಷ್ಟೇ.

ಜನವರಿ 10, ಶುಕ್ರವಾರ

ಇಶ್ರತ್‌ಗೆ, ನನ್ನ ಹೆಂಡತಿಗೆ, ಹೇಗೆ ಹೇಳುವುದೆಂದು ಮಂಗಳವಾರವೇ ಚೀಟಿ ಬರೆದು ಕಿಸೆಯಲ್ಲಿಟ್ಟುಕೊಂಡಿದ್ದೆ. ತೋರಿಸುವ ಸಂದರ್ಭವೇ ಬರಲಿಲ್ಲ.

ಅದು ಹೇಗೆಂದರೆ, ನನ್ನದು ಹಳೆಯ ಪದ್ಧತಿ. ಹೊರಗೆ ಮಾರುವ ಸರಕನ್ನು ಮನೆಯಲ್ಲಿ ಪುಕ್ಕಟೆ ಸುರಿಯಬಾರದು. ಮನೆಗೆ ಬಂದರೆ ಎರಡು ಬೆರಳು ಎತ್ತಿದರೆ ಚಹಾ, ಹೆಬ್ಬೆರಳು ಬಾಯಿಗೆ ಹಿಡಿದರೆ ನೀರು, ಅಂಗೈ ಅಡ್ಡ ಆಡಿಸಿದರೆ ‘ಸಾಕು’. ಇಪ್ಪತ್ತನಾಲ್ಕು ವರ್ಷದ ಸಂಸಾರ ಈ ಮೂರು ಸನ್ನೆಯ ಮೇಲೆ ನಿಂತಿದೆ. ಬುಧವಾರ, ಗುರುವಾರ ಬುಕಿಂಗ್ ವಾಪಸ್ ಮಾಡಲು ಈರೇಶನ ಜೊತೆ ಎಂದಿನಂತೆ ಹೊರಗೆ ಹೋದೆ, ಎಂದಿನಂತೆ ಬಂದೆ, ಎರಡು ಬೆರಳು ಎತ್ತಿದೆ. ಚಹಾ ಬಂತು.

ಇವತ್ತು ಅಂಗಿ ಒಗೆಯಲು ತೆಗೆದಾಗ ಚೀಟಿ ಅವಳಿಗೆ ಸಿಕ್ಕಿತು. ಹಿತ್ತಲಿನಿಂದ ಒದ್ದೆ ಕೈಯಲ್ಲೇ ಬಂದಳು. ಮನೆಯ ಮಾತು ಉರ್ದು. ನನ್ನ ಕೈ ಕಲಿತದ್ದು ಕನ್ನಡ ಶಾಲೆಯಲ್ಲಿ, ಆದ್ದರಿಂದ ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ.

“ಅಜೀ, ಮೂರು ದಿನ ಆತು. ಗಂಡಗ ದನಿ ಇಲ್ಲ ಅನ್ನೂದು ನನಗ ಗೊತ್ತ ಆಗ್ಲಿಲ್ಲ. ಇದು ನನ್ನ ತಪ್ಪೋ ನಿಮ್ಮ ತಪ್ಪೋ? ಬರದು ತೋರಸ್ರಿ.”

ಪೆನ್ನು ಮುಂದೆ ಹಿಡಿದಳು. ಏನು ಬರೆಯಲಿ? ‘ಚಹಾ’ ಎಂದು ಬರೆದೆ. ಚೀಟಿಯನ್ನು ಹಣೆಗೆ ಬಡಿದುಕೊಂಡು ಒಳಗೆ ಹೋದಳು. ಚಹಾದಲ್ಲಿ ಇವತ್ತು ಶುಂಠಿ ಇತ್ತು.

ಜನವರಿ 13, ಸೋಮವಾರ

ಈರೇಶನ ತಲೆ ಓಡಿತು. ಓಡಬಾರದಿತ್ತು.

“ಹಾಶಿಮಣ್ಣಾ, ನಿಮ್ಮ ಹಳೇ ರಿಕಾರ್ಡಿಂಗ್ ಪೆನ್ ಡ್ರೈವಿನಾಗ ಅದಾವಲ್ಲ. ದನದ ಲಸಿಕೀದು ಹೋದ ವರ್ಷ ಮಾಡಿದ್ದು ಐತಿ. ಅದನ್ನ ಹಚ್ಚತೇನಿ. ನೀವು ಮನ್ಯಾಗ ಆರಾಮ ಕುಂದರ್ರಿ. ಡಾಕ್ಟರು ನಿಮಗ ಮಾತಾಡಬ್ಯಾಡ ಅಂದಾರ, ಪೆನ್ ಡ್ರೈವಿಗೆ ಅಂದಿಲ್ಲ.”

ತರ್ಕ ಸರಿಯಿತ್ತು. ಬೆರಳು ಸರಿಯಿರಲಿಲ್ಲ. ಲಸಿಕೆಯ ಬದಲು ಅದರ ಕೆಳಗಿನದನ್ನು ಒತ್ತಿದ. ಹಳಿಯಾಳದ ಓಣಿ ಓಣಿಯಲ್ಲಿ ನನ್ನದೇ ದನಿ: ‘ಸಮಸ್ತ ನಾಗರಿಕರಲ್ಲಿ ವಿನಂತಿ. ನಾಳೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ವಿದ್ಯುತ್ ಇರುವುದಿಲ್ಲ.’ ಅದು ನವೆಂಬರಿನದು. ಹಾರ್ನಿನ ಕೆಳಗೆ ಕೂತವನಿಗೆ ಏನು ಕೂಗುತ್ತಿದೆ ಎನ್ನುವುದರ ಮೇಲೆ ಲಕ್ಷ್ಯ ಇರುವುದಿಲ್ಲ, ಕೂಗುತ್ತಿದ್ದರಷ್ಟೇ ಸಾಕು. ಸಂಜೆಯೊಳಗೆ ಗಿರಣಿಯ ಮುಂದೆ ಜೋಳದ ಡಬ್ಬಿಗಳ ಪಾಳಿ ರಸ್ತೆಗೆ ಬಂದಿತ್ತಂತೆ.

ಆದರೆ ಬರೆಯಬೇಕಾದ್ದು ಅದಲ್ಲ.

ಆಟೋ ನಮ್ಮ ಓಣಿಗೆ ಬಂದಾಗ ನಾನು ಬಾಗಿಲ ಹತ್ತಿರ ಅಮ್ಮ ಮಲಗುವ ಹಗ್ಗದ ಹೊರಸಿನ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದೆ. ಅಮ್ಮನಿಗೆ ಎಪ್ಪತ್ತೆಂಟು. ಏಳೆಂಟು ವರ್ಷದಿಂದ ಕಿವಿ ಪೂರ್ತಿ ಮಂದ. ಕಿವಿಯ ಮಿಷನ್ ಕೊಡಿಸಿದ್ದೆ. ‘ಒಳಗ ಕುಕ್ಕರ್ ಸೀಟಿ ಹೊಡೀತೈತಿ’ ಎಂದು ಅಡಿಕೆ ಡಬ್ಬಿಗೆ ಹಾಕಿದಳು. ನಾವು ಹತ್ತಿರ ಕೂತು ಮಾತಾಡಿದರೆ ಅವಳಿಗೆ ಏನೂ ಇಲ್ಲ. ಆಟೋದ ಹಾರ್ನು ಮಾತ್ರ ಕೇಳುತ್ತದೆ.

ಹಾರ್ನು ಹತ್ತಿರವಾಗುತ್ತಲೇ ಅಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಮುಖ ಅರಳಿತು.

“ಬಂದ ನೋಡು, ನನ್ನ ಹಾಶಿಮ ಬಂದ! ಎಂಟು ದಿನ ಆಗಿತ್ತು, ಈ ಕಡೆ ಹಾದಿರಲಿಲ್ಲ.”

ನಾನು ಅವಳ ಕಾಲಿನ ಹತ್ತಿರವೇ ಇದ್ದೆ. ನನ್ನ ತಲೆಯ ಮೇಲಿಂದ ರಸ್ತೆ ನೋಡುತ್ತಿದ್ದಳು. ತುಟಿಯಲ್ಲಿ ನನ್ನದೇ ರಾಗದಲ್ಲಿ ಗುಣುಗುಣು: ‘ಸಮಸ್ತ ನಾಗರಿಕರಲ್ಲಿ ವಿನಂತಿ...’ ಒಂದಕ್ಷರ ತಪ್ಪಿಲ್ಲ. ಆಟೋ ತಿರುಗಿ ಹೋದ ಮೇಲೆ ಇಶ್ರತ್‌ಗೆ ಕೂಗಿ ಹೇಳಿದಳು: “ನೀರು ತುಂಬಿಡ ಬೇಟೀ, ನಾಳೆ ಕರೆಂಟ್ ಇಲ್ಲಂತ. ಮಗ ಹೇಳಿ ಹೋದ.”

ದಿನಾ ಹೀಗೆಯಾ ಎಂದು ಇಶ್ರತ್‌ಗೆ ಸನ್ನೆ ಮಾಡಿ ಕೇಳಿದೆ.

“ದಿನಾ. ಹತ್ತು ಗಂಟೆಕ್ಕ ಬಂದು ಕುಂದರತಾರ. ನಿಮ್ಮ ಸೀರಿ ಸೇಲು, ನಿಮ್ಮ ಹಂದಿಜ್ವರ, ಎಲ್ಲಾ ಬಾಯಿಪಾಠ. ನೀವು ಅವರ ಕೂಡ ಮಾತಾಡೂದು ಅದೊಂದ ಅಲ್ಲ?”

ಲೆಕ್ಕ ಮಾಡಿದೆ. ದಿನಕ್ಕೆ ಒಂಬತ್ತು ತಾಸು. ಅದರಲ್ಲಿ ಅಮ್ಮನ ಪಾಲು, ಓಣಿ ದಾಟುವಷ್ಟು ಹೊತ್ತು: ನಲವತ್ತು ಸೆಕೆಂಡು.

ಜನವರಿ 14, ಮಂಗಳವಾರ. ಸಂಕ್ರಾಂತಿ

ಕರೆಂಟು ಹೋಗಲಿಲ್ಲ. ಬೈಯಲು ಜನ ಬಂದರು. ಹಿಂದೆ ಯಾರಾದರೂ ಒಂದು ಬೈದರೆ ನಾನು ಹತ್ತು ಹೇಳಿ ಕಳಿಸುತ್ತಿದ್ದೆ. ಇವತ್ತು ಕೈ ಮುಗಿದೆ, ಗಂಟಲು ತೋರಿಸಿದೆ. ಗಿರಣಿಯ ಗೂಳಪ್ಪ ಅರ್ಧ ಬೈದು ನಿಲ್ಲಿಸಿದ. ಎದುರಿನಿಂದ ಏನೂ ಬಾರದಿದ್ದರೆ ಬೈಗುಳ ಬಹಳ ದೂರ ಹೋಗುವುದಿಲ್ಲ. ಕೂತ. ಮೊಣಕಾಲು ನೋವಿನ ಸುದ್ದಿ ತೆಗೆದ. ಆಮೇಲೆ ಮಗಳ ಸುದ್ದಿ. ಮುಕ್ಕಾಲು ತಾಸು ಮಾತಾಡಿ, “ಹಗುರಾತು ನೋಡ್ರಿ ಹಾಶಿಮಭಾಯ್, ಭಾಳ ಚಲೋ ಮಾತಾಡಿದ್ರಿ” ಎಂದು ಎದ್ದು ಹೋದ.

ಅವನ ಹೆಂಡತಿ ಕುಸುರೆಳ್ಳು ಕಳಿಸಿದ್ದಾಳೆ. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಬೇಕು ಎಂಬುದು ಇವತ್ತಿನ ರೂಢಿ. ತಿಂದೆ. ಉಳಿದದ್ದು ಜನವರಿ ಇಪ್ಪತ್ತೆಂಟರ ನಂತರ.

ಜನವರಿ 19, ಭಾನುವಾರ. ಅತ್ತಿವೇರಿಯಿಂದ ಬಂದು

ಇಶ್ರತ್‌ಗೆ ಅತ್ತಿವೇರಿ ಕೆರೆಯ ಹಕ್ಕಿ ನೋಡಬೇಕೆಂದು ಮದುವೆಯಾದ ವರ್ಷದಿಂದ ಆಸೆ. ಮುಂಡಗೋಡಿಗೆ ನಾನು ನೂರು ಸಲ ಹೋಗಿದ್ದೇನೆ, ಸನವಳ್ಳಿಯಲ್ಲಿ ಇಡೀ ದಿನ ಕಬಡ್ಡಿ ಕೂಗಿದ್ದೇನೆ. ಅಲ್ಲಿಂದ ಕೆರೆ ಎಷ್ಟು ದೂರ? ಒಂದು ಬುಕಿಂಗಿನಷ್ಟು ದೂರ.

ಅಮ್ಮನ ಹತ್ತಿರ ನೆರೆಯವಳನ್ನು ಕೂರಿಸಿ, ಬುತ್ತಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋದೆವು. ಈರೇಶ ಆಟೋದಲ್ಲಿ ಬಿಡುತ್ತೇನೆ ಅಂದ. ಇಶ್ರತ್ ಬೇಡ ಅಂದಳು. “ಆ ಹಾರ್ನಿನ ಕೆಳಗ ನಾ ಕುಂದರಂಗಿಲ್ಲ.”

ಕೆರೆಯ ದಂಡೆಯಲ್ಲಿ ದೂರದಿಂದ ಬಂದ ಒಂದು ಕುಟುಂಬ ಗದ್ದಲ ಮಾಡುತ್ತಿತ್ತು. ಕಾವಲಿನವನು ನನ್ನ ಕಡೆ ಬೆರಳು ಮಾಡಿ, “ಅವರನ್ನ ನೋಡಿ ಕಲೀರಿ. ಎಷ್ಟು ಶಾಂತ ಕುಂತಾರ. ಹಕ್ಕಿ ನೋಡೂ ಮಂದಿ ಅಂದ್ರ ಹಂಗಿರಬೇಕು” ಅಂದ. ಇಶ್ರತ್ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕ ನಗುವಿಗೆ ಎರಡು ಕೊಕ್ಕರೆ ಹಾರಿಹೋದವು.

ಚಮಚದಂಥ ಕೊಕ್ಕಿನವು ನಲವತ್ತೊಂದು ಎಂದು ಎಣಿಸಿದೆ. ಇಶ್ರತ್ ಮೂವತ್ತೆಂಟು ಎಂದಳು. ಮೂರು ನಾನು ಸುಳ್ಳು ಸೇರಿಸಿದ್ದೇನೆಂದು ಅವಳ ವಾದ. ಸನ್ನೆಯಲ್ಲಿ ವಾದಿಸಿ ಗೆಲ್ಲುವುದು ಕಷ್ಟ. ರೊಟ್ಟಿ ತಿಂದೆವು. ಅವಳು ಮಾತಾಡಿದಳು. ದಾಂಡೇಲಿಯಲ್ಲಿರುವ ಮಗಳು ಹೊಲಿಗೆ ಕ್ಲಾಸು ತೆಗೆಯಬೇಕೆಂದಿದ್ದಾಳಂತೆ, ನನಗೆ ಗೊತ್ತಿರಲಿಲ್ಲ. ಇಶ್ರತ್‌ಗೆ ಬಲಗೈ ಹೆಬ್ಬೆರಳು ಆರು ತಿಂಗಳಿಂದ ನೋಯುತ್ತದಂತೆ, ಗೊತ್ತಿರಲಿಲ್ಲ. ಹಿತ್ತಲಿನ ನುಗ್ಗೆಗಿಡ ಹೋದ ಮಳೆಗೇ ಬಿದ್ದಿತ್ತಂತೆ. ಅದೂ ಗೊತ್ತಿರಲಿಲ್ಲ. ಹಿತ್ತಲು ನನ್ನದೇ.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಅವಳು ನಿದ್ದೆ ಹೋದಳು. ಆ ಹೆಬ್ಬೆರಳನ್ನು ಊರು ಬರುವವರೆಗೆ ಒತ್ತಿದೆ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ತಿಳಿಯದೆ ಇಲ್ಲಿ ಬರೆದಿದ್ದೇನೆ.

ಜನವರಿ 23, ಗುರುವಾರ

ಹದಿನಾರು ದಿನ ಆಯಿತು. ಹೊಸ ನುಗ್ಗೆ ಟೊಂಗೆ ನೆಟ್ಟೆ. ಗೂಳಪ್ಪ ಮತ್ತೆ ಬಂದಿದ್ದ. ಅವನ ಜೊತೆ ಇನ್ನಿಬ್ಬರು. ನಾನು ಮೌನ ಹಿಡಿದಿದ್ದೇನೆಂದು, ನನ್ನ ಹತ್ತಿರ ಹೇಳಿಕೊಂಡರೆ ಕಷ್ಟ ಕಡಿಮೆಯಾಗುತ್ತದೆಂದು ಪೇಟೆಯಲ್ಲಿ ಸುದ್ದಿ. ಇಂಥ ಪ್ರಚಾರ ನಾನು ಯಾರಿಗೂ ಮಾಡಿಕೊಟ್ಟಿರಲಿಲ್ಲ.

ಜನವರಿ 28, ಮಂಗಳವಾರ. ಹುಬ್ಬಳ್ಳಿ

ರಕ್ತ ಕರಗಿದೆ. ಗಂಟು ಸಣ್ಣದಾಗಿದೆ, ಹೋಗಿಲ್ಲ. ಡಾಕ್ಟರಮ್ಮ ನನ್ನನ್ನು ದನಿ ಕಲಿಸುವ ಮೇಡಂ ಕೈಗೆ ಕೊಟ್ಟರು. ಹೆಸರು ರಾಜಶ್ರೀ. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡವಳಿರಬಹುದು. ಮೂವತ್ತೈದು ವರ್ಷದ ಮಾತುಗಾರನಿಗೆ ಮಾತು ಕಲಿಸಲು ಕೂತಳು.

“ಒಂದು ವಾಕ್ಯ ಅನ್ರಿ ಸರ್.”

ಇಪ್ಪತ್ತೊಂದು ದಿನದ ಮೇಲೆ ಮೊದಲ ವಾಕ್ಯ. ಬಾಯಿಗೆ ಬಂದದ್ದೇನು? ‘ಸಮಸ್ತ ನಾಗರಿಕರಲ್ಲಿ ವಿನಂತಿ.’ ಪಕ್ಕದ ಕೋಣೆಯಿಂದ ನರ್ಸು ಓಡಿ ಬಂದಳು.

“ಸರ್, ಮೈಕ್ ಯಾಕ ಕಂಡು ಹಿಡದಾರ?”

“ದೂರ ಕೇಳಲಿ ಅಂತ.”

“ದೂರ ಮುಟ್ಟಸೂ ಕೆಲಸ ಅದರದು. ಅದರ ಕೆಲಸಾನೂ ನೀವ ಮಾಡಾಕತ್ತೀರಿ. ಇಷ್ಟು ವರ್ಷ ಮೈಕಿನಾಗ ಒದರೀರಿ ಸರ್ ನೀವು.”

ಬಸ್ ಸ್ಟ್ಯಾಂಡಿನಲ್ಲಿ ಬರಿಗಂಟಲಿನಿಂದ ಕೂಗಿ ಕಲಿತವನು, ಮೈಕು ಸಿಕ್ಕ ಮೇಲೂ ಕೂಗುವುದನ್ನು ಬಿಟ್ಟಿರಲಿಲ್ಲ. ಸೈಕಲ್ ಕೊಂಡವನು ಅದನ್ನು ಹೆಗಲ ಮೇಲೆ ಹೊತ್ತು ಓಡಿದ ಹಾಗೆ. ಇದನ್ನು ನನಗೆ ಇಷ್ಟು ವರ್ಷ ಯಾರೂ ಹೇಳಲಿಲ್ಲ. ಹೇಳಿದ್ದರೂ ನನ್ನ ಗದ್ದಲದಲ್ಲಿ ನನಗೆ ಕೇಳುತ್ತಿರಲಿಲ್ಲ.

“ನಿಮ್ಮ ಮಿಸೆಸ್ ಬಾಜೂಕ ಕುಂತಾರ ಅನಕೊಂಡು ಮಾತಾಡ್ರಿ. ಅಷ್ಟ ದನಿ ಸಾಕು.”

ಅವಳು ಪಕ್ಕದಲ್ಲಿ ಕೂತಾಗ ಮಾತಾಡಿದ ಅನುಭವ ಕಡಿಮೆ ಎನ್ನಲು ನಾಚಿಕೆಯಾಯಿತು.

ಷರತ್ತು: ನಾಳೆಯಿಂದ ದಿನಕ್ಕೆ ಹತ್ತು ನಿಮಿಷ. ಮೆತ್ತಗೆ, ಕೂತು, ನೀರು ಕುಡಿಯುತ್ತ. ಇವತ್ತಿನದು ಉಳಿದರೆ ನಾಳೆಗೆ ಕೂಡಿಸುವ ಹಾಗಿಲ್ಲ. ಇಪ್ಪತ್ತೈದನೇ ಫೆಬ್ರುವರಿಗೆ ಮತ್ತೆ ಕ್ಯಾಮೆರಾ. ಆವತ್ತು ಗಂಟು ಇದ್ದರೆ ಆಪರೇಷನ್.

ಜನವರಿ 29, ಬುಧವಾರ

ಹತ್ತರಲ್ಲಿ ಎಂಟು ನಿಮಿಷ ಮಹಾಬಳೇಶ್ವರ ತಿಂದ. ಕುಸ್ತಿ ಸಮಿತಿಯವನು. ಫೋನು ಎತ್ತಬಾರದಿತ್ತು. ಫೆಬ್ರುವರಿ ಹದಿನಾರರ ಕುಸ್ತಿಗೆ ನಾನು ಬರಲೇಬೇಕಂತೆ. ಆಗದು ಎಂಬ ಒಂದು ಮಾತು ಹೇಳಲು ಎಂಟು ನಿಮಿಷ ಹಿಡಿಯಿತು, ಕೊನೆಗೂ ಹೇಳಲಿಲ್ಲ, ‘ನೋಡೂಣು’ ಎಂದೆ.

ಉಳಿದ ಎರಡರಲ್ಲಿ ಇಶ್ರತ್‌ಗೆ ಏನು ಹೇಳಲಿ ಎಂದು ಯೋಚಿಸುವುದರಲ್ಲೇ ಒಂದು ಹೋಯಿತು. ಕೊನೆಗೆ, “ಹೆಬ್ಬೆಟ್ಟು ಹೆಂಗೈತಿ?” ಎಂದೆ. ಅವಳು ತಿರುಗಿ ನೋಡಿದ ರೀತಿ! ಯಾರೋ ಹೊರಗಿನವರು ಮನೆಯೊಳಗೆ ಬಂದು ಮಾತಾಡಿದ ಹಾಗೆ ಬೆಚ್ಚಿದಳು.

ಫೆಬ್ರುವರಿ 2, ಭಾನುವಾರ

ಮೂರು ದಿನದಿಂದ ಒಂದು ವಿಚಾರ ಕೊರೆಯುತ್ತಿತ್ತು. ಅಮ್ಮನಿಗೆ ಕೇಳಬೇಕಾದರೆ ಒದರಬೇಕು. ಒದರಿದರೆ ಗಂಟಲು ಹೋಯಿತು. ಹಾಗಾದರೆ? ಮೇಡಂ ಹೇಳಿದ್ದು ನೆನಪಾಯಿತು: ಮುಟ್ಟಿಸುವುದು ಮೈಕಿನ ಕೆಲಸ. ಮನೆಯಲ್ಲಿ ಮೈಕಿಗೆ ಬರವೇ? ಸಣ್ಣ ಕಾರ್ಯಕ್ರಮಕ್ಕೆ ಒಯ್ಯುವ ಸ್ಪೀಕರ್ ಡಬ್ಬಿ, ಗುಂಡಿಯಷ್ಟು ಸಣ್ಣ ಕಾಲರ್ ಮೈಕು. ಡಬ್ಬಿಯನ್ನು ಅಮ್ಮನ ತೊಡೆಯ ಮೇಲಿಟ್ಟೆ. ಸಂಜೆ ನಾಲ್ಕು ಗಂಟೆ. ಮೈಕು ಅಂಗಿಗೆ ಸಿಕ್ಕಿಸಿಕೊಂಡು, ಇಶ್ರತ್‌ಳ ಹೆಬ್ಬೆಟ್ಟು ವಿಚಾರಿಸಿದ ದನಿಯಲ್ಲೇ, “ಅಮ್ಮಾ” ಎಂದೆ.

ಅಮ್ಮ ಮೊದಲು ರಸ್ತೆ ನೋಡಿದಳು. ಆಟೋ ಇರಲಿಲ್ಲ. ಡಬ್ಬಿ ನೋಡಿದಳು. ಆಮೇಲೆ ನನ್ನನ್ನು.

“ಅಮ್ಮಾ, ನಾನು. ಇಲ್ಲೇ ಕುಂತೇನಿ.”

ಅವಳು ಎರಡೂ ಕೈ ಚಾಚಿ ನನ್ನ ಕಿವಿ ಹಿಡಿದಳು. ಹಿಂಡಲು ಅಲ್ಲ, ಸವರಿದಳು, ಅಲ್ಲೇನೋ ಹುಣ್ಣು ಇದ್ದ ಹಾಗೆ.

“ಅಲ್ಲಾಹ್! ನಿನಗ ಆರಾಮಾತೇನು ಬೇಟಾ? ಕೇಳಸ್ತೈತೇನು ಈಗ?”

ನನಗೇನು ಕೇಳಿಸಬೇಕು? ಇಶ್ರತ್ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

“ಆ ದೊಡ್ಡ ಹಾರ್ನಿನ ಕೆಳಗ ಕುಂತು ಕುಂತು ನನ್ನ ಮಗನ ಕಿವಿ ಸತ್ತಾವ ಅನಕೊಂಡಿದ್ದೆ. ನಾ ಏನ ಮಾತಾಡಿಸಿದ್ರೂ ಬರೇ ಕೈ ಆಡಸ್ತಿದ್ದಿ. ಪಾಪ, ಅವಗ ಕೇಳಂಗಿಲ್ಲ, ಕೇಳಿಕೇಳಿ ಯಾಕ ಅವನ ಮನಸ್ಸು ನೋಯಸೂದು ಅಂತ ನಾನ ಬಿಟ್ಟುಬಿಟ್ಟೆ.”

ಏಳೆಂಟು ವರ್ಷ. ಒಂದೇ ಹೊರಸಿನ ಮೇಲೆ, ಒಂದೇ ಬಾಗಿಲಲ್ಲಿ. ಕಿವುಡ ಮಗನನ್ನು ನೋಯಿಸಬಾರದೆಂದು ಅಮ್ಮ ಸುಮ್ಮನಿದ್ದಳು. ಕಿವುಡಿ ಅಮ್ಮನಿಗೆ ಕೂಗಿ ಗಂಟಲು ಸವೆಸಬಾರದೆಂದು ಮಗ ಸುಮ್ಮನಿದ್ದ. ಅಮ್ಮನ ಕೈಗಳನ್ನು ನನ್ನ ಕಿವಿಯ ಮೇಲೆ ಹಾಗೇ ಹಿಡಿದುಕೊಂಡೆ, ಹತ್ತರಲ್ಲಿ ನಾಲ್ಕು ನಿಮಿಷ ಅದಕ್ಕೇ ಹೋಯಿತು. ಉಳಿದ ಆರರಲ್ಲಿ ಏನೇನು ಹೇಳಿದೆನೋ. ಅಮ್ಮ ಕೇಳಿದ ಪ್ರಶ್ನೆ ಒಂದೇ ನೆನಪಿದೆ: “ಮತ್ತ ಆವತ್ತು ಕರೆಂಟ್ ಯಾಕ ಹೋಗಲಿಲ್ಲ?”

ಶುಕ್ರ್, ಆ ದೇವರಿಗೆ.

ಫೆಬ್ರುವರಿ 7, ಶುಕ್ರವಾರ

ಈಗ ಹತ್ತೂ ನಿಮಿಷಕ್ಕೆ ಕಾಯಂ ಗಿರಾಕಿ ಬಂದಿದ್ದಾರೆ. ಬೆಳಿಗ್ಗೆ ಇಶ್ರತ್‌ಗೆ ಮೂರು. ಸಂಜೆ ನಾಲ್ಕಕ್ಕೆ ಅಮ್ಮನಿಗೆ ಏಳು. ಮೂರೂವರೆಗೇ ಅಮ್ಮ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ನನ್ನ ಕಥೆಯನ್ನೇ ಹೇಳುತ್ತಿದ್ದೇನೆ. ಹದಿನಾಲ್ಕು ವರ್ಷಕ್ಕೆ ಶಾಲೆ ತಪ್ಪಿಸಿ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದುದು ಅವಳಿಗೆ ಇವತ್ತೇ ಗೊತ್ತಾಗಿದ್ದು. ಬೈದಳು. ಮೂವತ್ತೈದು ವರ್ಷ ತಡವಾದ ಬೈಗುಳ, ಬಡ್ಡಿ ಸಮೇತ. ಕಿವಿ ತಣ್ಣಗಾಯಿತು.

ಫೆಬ್ರುವರಿ 12, ಬುಧವಾರ

ಮಹಾಬಳೇಶ್ವರ ಮನೆಗೇ ಬಂದ. ಹಣ್ಣು, ಹಾರ, ಶಾಲು.

“ಹಾಶಿಮಭಾಯ್, ಇಪ್ಪತ್ತೆರಡು ವರ್ಷ ಆತು. ನೀವಿಲ್ದ ಕುಸ್ತಿ ಅಂದ್ರ ಮಣ್ಣಿನಾಗ ಇಬ್ಬರು ಬಡದಾಡಿದಂಗ. ಹೋಗ್ಲಿ, ಇಡೀ ದಿನ ಬ್ಯಾಡ. ಫೈನಲ್ ಅಷ್ಟ. ಹತ್ತ ನಿಮಿಷದಾಗ ಮುಗೀತೈತಿ. ನಿಮ್ಮ ಡಾಕ್ಟರು ಕೊಟ್ಟದ್ದೂ ಹತ್ತ ನಿಮಿಷ. ಲೆಕ್ಕ ಹೆಂಗ ಕೂಡಿ ಬಂತು ನೋಡ್ರಿ!”

ಲೆಕ್ಕ ಕೂಡಿ ಬಂದರೆ ನನಗೆ ಸಂಕಟ. ನನ್ನ ತಲೆಯೂ ಆ ಲೆಕ್ಕವನ್ನು ಆಗಲೇ ಮಾಡಿಯಾಗಿತ್ತು. ಎರಡು ಸಾವಿರ ಜನ, ಕೆಂಪು ಮಣ್ಣು, ಮೈಕು. ಒಂದು ದಿನ ಹತ್ತು ನಿಮಿಷ ಅಲ್ಲಿ ಕಳೆದರೆ ಏನು?

“ಮೆತ್ತಗ ಮಾತಾಡಬೇಕು ಅಂದಾರ” ಎಂದೆ.

“ಮೆತ್ತಗನ ಆಡ್ರಿ, ಯಾರು ಬ್ಯಾಡ ಅಂದ್ರು?”

ಅವನು ಹೋದ ಮೇಲೆ ಇಶ್ರತ್ ಶಾಲು ಮಡಚುತ್ತ ಅಂದಳು: “ಎರಡು ಸಾವಿರ ಮಂದಿ ಸೀಟಿ ಹೊಡದಾಗ ನೀವು ಮೆತ್ತಗ ಮಾತಾಡಿದ್ದು ನಾ ನೋಡಿಲ್ಲ. ನೋಡ್ರಿ, ನಿಮ್ಮ ಗಂಟಲ.” ಅಷ್ಟೇ. ಜಗಳ ಮಾಡಿದ್ದರೆ ಉತ್ತರ ಕೊಡಬಹುದಿತ್ತು.

ಹದಿನಾರನೇ ತಾರೀಖಿನ ಪುಟದಲ್ಲಿ ಪೆನ್ಸಿಲ್ಲಿನಿಂದ ‘ಫೈನಲ್, 5 ಗಂಟೆ’ ಎಂದು ಬರೆದಿಟ್ಟಿದ್ದೇನೆ. ಪೆನ್ಸಿಲ್ಲಿನಿಂದ.

ಫೆಬ್ರುವರಿ 16, ಭಾನುವಾರ

ಬೆಳಿಗ್ಗೆಯಿಂದ ಒಂದಕ್ಷರ ಖರ್ಚು ಮಾಡಲಿಲ್ಲ. ಇಶ್ರತ್‌ಳ ಮೂರು ನಿಮಿಷವನ್ನೂ ಕೊಡಲಿಲ್ಲ. ಅವಳು ಕೇಳಲೂ ಇಲ್ಲ. ಎರಡು ಬೆರಳು ಎತ್ತಿದೆ, ಚಹಾ ಬಂತು. ಶುಂಠಿ ಇರಲಿಲ್ಲ.

ಬಿಳಿ ಅಂಗಿ ಹಾಕಿ, ಅತ್ತರು ಹಚ್ಚಿ, ನಾಲ್ಕಕ್ಕೆ ಹೊರಟೆ. ಹೊಸ್ತಿಲ ಹತ್ತಿರ ಹೊರಸು. ಅಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟು, ಮೈಕನ್ನು ನನಗಾಗಿ ಕೈಯಲ್ಲಿ ಹಿಡಿದು ಕೂತಿದ್ದಳು. ನಿನ್ನೆ ಕಥೆಯನ್ನು ನಡುವೆ ನಿಲ್ಲಿಸಿದ್ದೆ: ಜೊಯಿಡಾದಲ್ಲಿ ಕೊನೆಯ ಬಸ್ಸು ತಪ್ಪಿ, ಮೊದಲ ಸಲ ಕೊಂಕಣಿಯಲ್ಲಿ ಕೂಗಬೇಕಾಗಿ ಬಂದದ್ದು.

“ಮುಂದ ಏನಾತು? ಆ ಊರಾಗ ಊಟ ಯಾರು ಹಾಕಿದ್ರು ನಿನಗ?”

ಅಂಗೈ ಅಡ್ಡ ಆಡಿಸಿದೆ: ಇವತ್ತು ಇಲ್ಲ.

ಅಮ್ಮನ ಮುಖದಲ್ಲಿ ಸಿಟ್ಟು ಬರಲಿಲ್ಲ. ಮರುಕ ಬಂತು. ಮೈಕು ಕೆಳಗಿಟ್ಟು ನನ್ನ ಕಿವಿಯ ಕಡೆ ಕೈ ಚಾಚಿದಳು. “ಮತ್ತ ಹೋತೇನು ಬೇಟಾ?”

ಕೂತೆ. ಎರಡೇ ನಿಮಿಷ ಎಂದುಕೊಂಡು ಕೂತೆ. ಜೊಯಿಡಾದ ಅಂಗಡಿಯ ಮುದುಕಿ ಪೇಜ್, ಎಂದರೆ ಗಂಜಿ, ಕೊಟ್ಟದ್ದು. ಬಿಸಿಗೆ ನಾಲಿಗೆ ಸುಟ್ಟದ್ದು. ಸುಟ್ಟ ನಾಲಿಗೆಯಲ್ಲೇ ಮರುದಿನ ಕೂಗಿದ್ದು. ಅಮ್ಮ ನಗುತ್ತ ಕೈ ತಟ್ಟಿದಾಗ ಮೊಬೈಲು ನೋಡಿದೆ. ಹನ್ನೊಂದು ನಿಮಿಷ. ಒಂದು ನಿಮಿಷ ಓವರ್.

ಕುಸ್ತಿಗೆ ಹೋದೆ. ಹೋಗದೆ ಇರಲಾಗಲಿಲ್ಲ. ಮಹಾಬಳೇಶ್ವರ ಜನರನ್ನು ಸರಿಸಿಕೊಂಡು ಬಂದು ಮೈಕು ಕೈಗಿಟ್ಟ. ಸೀಟಿ, ಚಪ್ಪಾಳೆ, ‘ಹಾಶಿಮಭಾಯ್, ಹಾಶಿಮಭಾಯ್’. ಗಂಟಲಲ್ಲಿ ಮಾತು ಹಗ್ಗ ಹರಿಯುವ ಎತ್ತಿನ ಹಾಗೆ ಎದ್ದು ನಿಂತಿತ್ತು. ಹತ್ತು ಬೆರಳು ತೋರಿಸಿ ಒಂದೊಂದಾಗಿ ಮಡಚಿದೆ. ಮುಗಿದಿದೆ.

“ಅಯ್ಯ, ಯಾರಿಗೆ ಖರ್ಚು ಮಾಡಿದ್ರಿ ಮಾರಾಯಾ?”

ಮೈಕನ್ನು ಈರೇಶನಿಗೆ ಕೊಟ್ಟೆ. ಈರೇಶ ಹೆದರಿ ನುಂಗಿ ನುಂಗಿ ಮಾತಾಡಿದ. ಒಬ್ಬನ ಹೆಸರು ಇನ್ನೊಬ್ಬನಿಗೆ ಹೇಳಿ, ತಿದ್ದಿ, ಮತ್ತೆ ತಪ್ಪಿ. ಜನ ನಕ್ಕರು. ಆಮೇಲೆ ಅವನಿಗೇ ಸೀಟಿ ಹೊಡೆದರು. ಆಕಾಶ ಬೀಳಲಿಲ್ಲ. ಸ್ವಲ್ಪವಾದರೂ ಬೀಳಬಹುದೆಂದುಕೊಂಡಿದ್ದೆ.

ನಾನು ಮಣ್ಣಿನ ಅಂಚಿಗೆ ಕೂತೆ. ತೊಡೆ ತಟ್ಟಿದ ಸದ್ದು. ಉಸಿರು. ಹಿಡಿ ಮಣ್ಣು ಬೆನ್ನಿಗೆ ಉಜ್ಜುವ ಸರಸರ. ಕೆಳಗೆ ಬಿದ್ದವನು ಎದ್ದು, ಬೀಳಿಸಿದವನ ಕಿವಿಯಲ್ಲಿ ಏನೋ ಹೇಳಿದ, ಇಬ್ಬರೂ ನಕ್ಕರು. ಇಪ್ಪತ್ತೆರಡು ವರ್ಷ ಈ ಕುಸ್ತಿಯನ್ನು ಊರಿಗೆಲ್ಲ ಕೇಳಿಸಿದ್ದೇನೆ. ನಾನು ಕೇಳಿದ್ದು ಇವತ್ತು.

ಫೆಬ್ರುವರಿ 25, ಮಂಗಳವಾರ. ಹುಬ್ಬಳ್ಳಿ

ಗಂಟು ಇಲ್ಲ! ಡಾಕ್ಟರಮ್ಮ ಎರಡು ಸಲ ನೋಡಿದರು. ಆಪರೇಷನ್ ಇಲ್ಲ. ಇನ್ನು ದಿನಕ್ಕೆ ಮೂರು ತಾಸು, ವಾರಕ್ಕೆ ಐದೇ ದಿನ, ಒದರುವಂತಿಲ್ಲ. ರಾಜಶ್ರೀ ಮೇಡಂ ನನ್ನಿಂದ ವಾಕ್ಯ ಹೇಳಿಸಿ, “ದನಿ ಮೊದಲಿಗಿಂತ ಚಂದ ಆಗೇತಿ ಸರ್” ಎಂದರು. ಕುಸುರೆಳ್ಳು ಕೊಟ್ಟು ಬಂದೆ. ಸಂಕ್ರಾಂತಿಯಿಂದ ಎತ್ತಿಟ್ಟದ್ದು.

ಹೊಸ ವ್ಯವಸ್ಥೆ ಬರೆದಿಡುತ್ತೇನೆ. ಕರೆಂಟು, ನೀರು, ಲಸಿಕೆ ಈರೇಶನಿಗೆ. ಹೊಸ ರಿಕಾರ್ಡಿಂಗಿಗೆಲ್ಲ ತಾರೀಖು ಹಾಕಿ ಕೊಟ್ಟಿದ್ದೇನೆ. ಉದ್ಘಾಟನೆ, ಕುಸ್ತಿ ನನಗೆ. ಶುಕ್ರವಾರ, ಭಾನುವಾರ ಬಂದ್. ಸಂಜೆ ನಾಲ್ಕರ ಮೇಲೆ ಬುಕಿಂಗ್ ಇಲ್ಲ. ಅದು ಕಾಯಂ ಬುಕ್ ಆಗಿದೆ.

ಫೆಬ್ರುವರಿ 28, ಶುಕ್ರವಾರ

ವ್ಯವಸ್ಥೆಗೆ ಮೂರು ದಿನ ವಯಸ್ಸಾಗಿತ್ತು. ಜುಮ್ಮಾ ನಮಾಜು ಮುಗಿಸಿ ಓಣಿಯ ತುದಿಯ ಚಹಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಈರೇಶ ಬಂದ.

“ಹಾಶಿಮಣ್ಣಾ, ಜೊಯಿಡಾದಾಗ ಹೊಸ ಬಟ್ಟೆ ಅಂಗಡಿ. ಇಡೀ ದಿನದ ಕೆಲಸ. ನಿಮ್ಮ ದನೀನ ಬೇಕಂತ, ಅದೂ ಕೊಂಕಣಿ, ಮರಾಠಿ ಎರಡೂ. ಒಂದ ಪಂಚಾಯ್ತಿ, ಭಾನುವಾರ ಐತಿ. ಒಂದ ಒಂದು ಭಾನುವಾರ ಅಲ್ಲ? ಆಮ್ಯಾಲೆ ಬೇಕಂದ್ರ ರಂಜಾನ್ ಪೂರಾ ಮನ್ಯಾಗ ಇರ್ರಿ.”

ಒಂದೇ ಒಂದು ಭಾನುವಾರ. ಡೈರಿ ತೆಗೆದೆ. ಪೆನ್ನಿನ ಟೊಪ್ಪಿಗೆಯನ್ನೂ ತೆಗೆದೆ. ಪೆನ್ಸಿಲ್ ಅಲ್ಲ, ಪೆನ್ನು. ‘ಜೊಯಿ’ ಎಂದು ಬರೆದೂ ಆಗಿತ್ತು.

ಆಗ ಓಣಿಯ ಒಳಗಿನಿಂದ ಗರಗರ ಸದ್ದು. ಯಾರೋ ಮೈಕನ್ನು ‘ಫೂ, ಫೂ’ ಎಂದು ಊದಿದರು. ಇಶ್ರತ್‌ಳ ನಗು. ಆಮೇಲೆ, ನನ್ನದೇ ರಾಗ, ಎಪ್ಪತ್ತೆಂಟು ವರ್ಷದ ದನಿ:

“ಸಮಸ್ತ ನಾಗರಿಕರಲ್ಲಿ ವಿನಂತಿ. ಬೀಬಿಜಾನಳ ಮಗ ಹಾಶಿಮ, ಬಿಳಿ ಅಂಗಿ ತೊಟ್ಟವನು, ಎಲ್ಲೇ ಇದ್ದರೂ ಕೂಡಲೇ ಮನೆಗೆ ಬರಬೇಕಾಗಿ ವಿನಂತಿ. ಅನ್ನ ಆರಾಕತ್ತೈತಿ.”

ಚಹಾದಂಗಡಿಯಲ್ಲಿ ಎಲ್ಲರೂ ನನ್ನ ಅಂಗಿ ನೋಡಿದರು. ಈರೇಶ ಹಾರ್ನಿನ ಕಡೆ ನೋಡುವವನ ಹಾಗೆ ಬಾಯಿ ತೆರೆದು ನಿಂತ. “ಜೊಯಿಡಾದವರಿಗೆ ಏನ ಹೇಳ್ಲಿ?”

“ರಿಕಾರ್ಡಿಂಗ್ ಮಾಡಿ ಕೊಡತೇನಿ. ನಾಳೆ” ಎಂದೆ, ಮೆತ್ತಗೆ.

ತಪ್ಪಿಸಿಕೊಂಡವರ ಪ್ರಕಟಣೆ ನಾಲ್ಕು ತಾಲೂಕಿನಲ್ಲಿ ಎಷ್ಟೋ ಕೊಟ್ಟಿದ್ದೇನೆ. ಒಂದೇ ಕೂಗಿಗೆ ಬಂದವರು ಕಡಿಮೆ. ಮೂರು ಸಲ, ನಾಲ್ಕು ಸಲ ಓಣಿ ಸುತ್ತಬೇಕಾಗುತ್ತದೆ. ಅಮ್ಮನಿಗೆ ಎರಡನೇ ಸಲ ಕೂಗುವ ಕೆಲಸ ಕೊಡಲಿಲ್ಲ.